ಅಜ್ಜ ಕಟ್ಟಿದ ಕೋಟೆ, ಮೊಮ್ಮಗ ಹಾಕಿದ ಮುತ್ತಿಗೆ: ಬನವಾಸಿ ಬಾದಾಮಿಯ ಪಾಲಾದ ಬಗೆ

ಐಹೊಳೆಯ ಮೇಗುತಿ ಗುಡ್ಡ ಹತ್ತಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಬಹಳ ಜನ ಇದ್ದೀರಿ. ಮೇಲಿನ ಜೈನ ಬಸದಿಯ ಗೋಡೆಯಲ್ಲಿ 19 ಸಾಲಿನ ಒಂದು ಶಾಸನ ಇದೆ. ಭಾಷೆ ಸಂಸ್ಕೃತ, ಅಕ್ಷರ ಹಳಗನ್ನಡದ್ದು. ಬರೆದವನು ರವಿಕೀರ್ತಿ. ಶಕವರ್ಷ 556, ಅಂದರೆ ಕ್ರಿ.ಶ. 634-35. ನಾವೆಲ್ಲ ಶಾಲೆಯಲ್ಲಿ ಓದಿದ್ದು ಇಷ್ಟು: ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ, ಅದನ್ನು ಹೇಳುವ ಶಾಸನ ಇದು. ಸರಿ. ಆದರೆ ಇವತ್ತು ನಾನು ಅದೇ ಕಲ್ಲಿನ ಬೇರೆ ಎರಡು ಪದ್ಯಗಳನ್ನು ಹಿಡಿದುಕೊಂಡು ಮಾತಾಡಬೇಕು ಅಂತ ಬಂದಿದ್ದೇನೆ.

ಮೊದಲನೆಯದು ಪುಲಕೇಶಿಯ ಅಪ್ಪ ಕೀರ್ತಿವರ್ಮನ ಬಗ್ಗೆ ಇರುವ ಪದ್ಯ. ಅದರ ಕೊನೆಯ ಪಾದವನ್ನು ಸ್ವಲ್ಪ ಕಿವಿಗೊಟ್ಟು ಕೇಳಿ: ‘ಪೃಥುಕದಂಬಕದಂಬಕದಂಬಕಮ್’. ಇನ್ನೊಮ್ಮೆ ಹೇಳುತ್ತೇನೆ, ಪೃಥು ಕದಂಬ ಕದಂಬ ಕದಂಬಕಮ್. ಒಂದು ಕದಂಬ ಅಂದರೆ ಮರ, ಇನ್ನೊಂದು ಕದಂಬ ಅಂದರೆ ರಾಜವಂಶ, ಕದಂಬಕ ಅಂದರೆ ಗುಂಪು. ಕದಂಬರೆಂಬ ಕದಂಬ ಮರಗಳ ದೊಡ್ಡ ತೋಪು ಅಂತ ಅರ್ಥ. ಆ ತೋಪಿಗೆ ಮದ ಬಂದ ಆನೆ ನುಗ್ಗಿದ ಹಾಗೆ ಕೀರ್ತಿವರ್ಮ ನುಗ್ಗಿ ಅದನ್ನು ಮುರಿದು ಹಾಕಿದ ಅನ್ನುತ್ತಾನೆ ರವಿಕೀರ್ತಿ. ಎಷ್ಟು ಮುರಿದ? ‘ಅಶೇಷತಃ’. ಏನೂ ಉಳಿಯದ ಹಾಗೆ. ಅದಕ್ಕಿಂತ ಸ್ವಲ್ಪ ಮುಂಚೆಯೇ ಕೀರ್ತಿವರ್ಮನನ್ನು ನಳರಿಗೆ, ಕೊಂಕಣದ ಮೌರ್ಯರಿಗೆ, ಕದಂಬರಿಗೆ ‘ಕಾಲರಾತ್ರಿ’ ಅಂತ ಕರೆದಿದ್ದಾನೆ.

ಈಗ ಅದೇ ಕಲ್ಲಿನಲ್ಲಿ ಕೆಲವು ಪದ್ಯ ಮುಂದಕ್ಕೆ ಬನ್ನಿ. ಮಗ ಪುಲಕೇಶಿಯ ದಂಡಯಾತ್ರೆಯ ವರ್ಣನೆ. ವರದಾ ನದಿಯ ಎತ್ತರದ ಅಲೆಗಳ ಮೇಲೆ ಆಡುವ ಹಂಸಗಳ ಸಾಲನ್ನೇ ಡಾಬಿನ ಹಾಗೆ ಸೊಂಟಕ್ಕೆ ಕಟ್ಟಿಕೊಂಡ ಊರು, ಸಿರಿಯಲ್ಲಿ ದೇವಲೋಕದ ಜೊತೆ ಪಂದ್ಯ ಕಟ್ಟುವ ಊರು, ಅಂಥ ವನವಾಸಿಯನ್ನು, ಅಂದರೆ ಕದಂಬರ ರಾಜಧಾನಿ ಬನವಾಸಿಯನ್ನು, ಪುಲಕೇಶಿ ಮುತ್ತಿದ. ಸುತ್ತಲೂ ಅವನ ಸೈನ್ಯ ಸಮುದ್ರದ ಹಾಗೆ ತುಂಬಿಕೊಂಡಾಗ, ನೆಲದ ಮೇಲಿನ ಆ ಕೋಟೆ ನೋಡನೋಡುತ್ತ ಜಲದುರ್ಗದ ಹಾಗೆ ಕಾಣಿಸಿತಂತೆ.

ಕೆಲವು ವರ್ಷಗಳ ಹಿಂದೆ ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ಆ ಗುಡ್ಡ ಹತ್ತಿದ್ದೆ. ಮಧ್ಯಾಹ್ನ ಇಳಿಬಿಸಿಲು. ಬಿಸಿಲು ನೆಟ್ಟಗೆ ಬಿದ್ದರೆ ಕಲ್ಲಿನ ಅಕ್ಷರ ಕಾಣಿಸುವುದಿಲ್ಲ, ಓರೆಯಾಗಿ ಬೆಳಕು ಬೀಳಬೇಕು, ಹಾಗಾಗಿ ಒಬ್ಬ ಹುಡುಗ ತನ್ನ ಊಟದ ಸ್ಟೀಲ್ ತಟ್ಟೆ ಹಿಡಿದು ಬೆಳಕು ತಿರುಗಿಸುತ್ತಿದ್ದ. ನಾನು ಈ ಎರಡೂ ಪದ್ಯದ ಅರ್ಥ ಹೇಳಿ ಮುಗಿಸಿದೆ. ತಟ್ಟೆ ಹಿಡಿದವನೇ ಕೇಳಿದ: ‘ಅಪ್ಪ ಎಲ್ಲಾ ಕಿತ್ತ್ ಒಗದಿದ್ದ ಅಂದ್ರ ಮಗ ಮತ್ಯಾಕ ಹೋಗಿದ್ರೀ ಸರ?’

ಅಷ್ಟು ವರ್ಷದಿಂದ ಆ ಶಾಸನ ಓದುತ್ತಿದ್ದೇನೆ, ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ನಾವು ಬೇರೆ ಬೇರೆ ಪಾಠದಲ್ಲಿ ಓದುತ್ತೇವೆ ನೋಡಿ. ಕೀರ್ತಿವರ್ಮ ಒಂದು ಪುಟ, ಪುಲಕೇಶಿ ಇನ್ನೊಂದು ಪುಟ. ‘ಕದಂಬರನ್ನು ಚಾಲುಕ್ಯರು ಸೋಲಿಸಿದರು’ ಅಂತ ಒಂದು ಸಾಲು ಬರೆದರೆ ಎರಡು ಮಾರ್ಕ್ಸ್ ಬರುತ್ತದೆ. ಆದರೆ ಕಲ್ಲು ತಾನೇ ಹೇಳುತ್ತಿದೆ, ಒಂದು ಏಟಿಗೆ ಆಗಿಲ್ಲ ಅಂತ. ಹಾಗಾದರೆ ಹೇಗೆ ಆಯಿತು?

ಮೊದಲು ಕದಂಬರ ಮನೆಯೊಳಗಿನ ಸ್ಥಿತಿ ನೋಡೋಣ. ಮಯೂರಶರ್ಮನ ಕಥೆ ನಿಮಗೆಲ್ಲ ಗೊತ್ತು, ಜಾಸ್ತಿ ಹೇಳುವುದಿಲ್ಲ. ತಾಳಗುಂದದ ಕಂಬದಲ್ಲಿ ಕುಬ್ಜ ಕವಿ ಬರೆದಿದ್ದಾನೆ. ಕಂಚಿಯ ಘಟಿಕೆಗೆ ಓದಲು ಹೋದ ಹುಡುಗ, ಪಲ್ಲವರ ಕುದುರೆ ಸವಾರನ ಜೊತೆ ಜಗಳ, ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ನಾಲ್ಕನೇ ಶತಮಾನದ ನಡುವಿನ ಮಾತು ಇದು. ಮುಂದೆ ಕಾಕುಸ್ಥವರ್ಮನ ಕಾಲಕ್ಕೆ ಈ ಮನೆತನ ಗುಪ್ತರಿಗೆ ಹೆಣ್ಣು ಕೊಡುವಷ್ಟು ಬೆಳೆಯಿತು. ಹಲ್ಮಿಡಿಯ ಕಲ್ಲಿನಲ್ಲಿ ಬರುವ ಕಾಕುಸ್ಥ ಇವನೇ ಅನ್ನುವುದು ಹೆಚ್ಚಿನವರ ಅಭಿಪ್ರಾಯ.

ಕೊರತೆ ಶುರುವಾಗಿದ್ದು ಅವನ ಮಕ್ಕಳ ಕಾಲಕ್ಕೆ. ಒಬ್ಬ ಶಾಂತಿವರ್ಮ, ಇನ್ನೊಬ್ಬ ಕೃಷ್ಣವರ್ಮ. ಶಾಂತಿವರ್ಮ ಬನವಾಸಿಯಲ್ಲಿ, ಕೃಷ್ಣವರ್ಮ ತ್ರಿಪರ್ವತದಲ್ಲಿ. ಅಣ್ಣತಮ್ಮ ಬೇರೆಯಾದರೆ ಏನಾಗುತ್ತದೆ ಅಂತ ಹಳ್ಳಿಯಲ್ಲಿ ಬೆಳೆದ ನಿಮಗೆ ನಾನು ಹೇಳಬೇಕಾಗಿಲ್ಲ. ಕೂಡಿದ್ದಾಗ ಯಾರೂ ತಂಟೆಗೆ ಬರುವುದಿಲ್ಲ. ಪಾಲಾದ ಮರುವರ್ಷವೇ ಪಕ್ಕದ ಹೊಲದವನು ಬದು ಒತ್ತಲು ಶುರು ಮಾಡುತ್ತಾನೆ, ಅಲ್ವಾ? ಇಲ್ಲೂ ಅದೇ ಆಯಿತು. ಕೃಷ್ಣವರ್ಮನ ಮಗ ವಿಷ್ಣುವರ್ಮನಿಗೆ ಪಟ್ಟ ಕಟ್ಟಿದ್ದು ಯಾರು ಗೊತ್ತಾ? ಪಲ್ಲವರು. ಯಾವ ಪಲ್ಲವರ ಮೇಲಿನ ಸಿಟ್ಟಿಗೆ ಈ ರಾಜ್ಯ ಹುಟ್ಟಿತ್ತೋ ಅದೇ ಪಲ್ಲವರು! ನೂರೈವತ್ತು ವರ್ಷ ಆಗುವಷ್ಟರಲ್ಲಿ ಒಂದು ಶಾಖೆ ಅವರ ಕೈ ಹಿಡಿದು ನಿಲ್ಲುವ ಹಾಗೆ ಆಯಿತು. ಇದನ್ನು ಓದಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಬನವಾಸಿಯ ಕಡೆ ರವಿವರ್ಮ ಬಂದ. ಗಟ್ಟಿ ಮನುಷ್ಯ. ಹಲಸಿಯ ತಾಮ್ರಪಟದ ಪ್ರಕಾರ ವಿಷ್ಣುವರ್ಮನನ್ನು ಕೊಂದು, ಕಂಚಿಯ ಒಡೆಯ ಚಂಡದಂಡನನ್ನೂ ಓಡಿಸಿದ. ಬನವಾಸಿಯ ಪಕ್ಕದ ಗುಡ್ನಾಪುರದಲ್ಲಿ ಅವನು ಕಟ್ಟಿಸಿದ ಕಾಮಜಿನಾಲಯದ ಶಾಸನ ಸಿಕ್ಕಿದೆ. ಅದರಲ್ಲಿ ಅರಮನೆ, ನೃತ್ಯಶಾಲೆ, ವಸಂತೋತ್ಸವ ಎಲ್ಲದರ ಮಾತೂ ಇದೆ. ಬನವಾಸಿಗೆ ಹೋದವರು ಮಧುಕೇಶ್ವರನನ್ನು ನೋಡಿ ಹಾಗೇ ವಾಪಸ್ ಬರುತ್ತಾರೆ, ದಯವಿಟ್ಟು ಗುಡ್ನಾಪುರದ ಕೆರೆದಂಡೆಗೂ ಹೋಗಿ ಬನ್ನಿ. ರವಿವರ್ಮನ ಮಗ ಹರಿವರ್ಮ, 519ರ ಸುಮಾರಿಗೆ ಪಟ್ಟಕ್ಕೆ ಬಂದವನು. ಅವನ ನಂತರ ತ್ರಿಪರ್ವತದ ಶಾಖೆಯ ಇಮ್ಮಡಿ ಕೃಷ್ಣವರ್ಮ ಬನವಾಸಿಯನ್ನು ಹಿಡಿದ. ದಾಯಾದಿ ಜಗಳದಲ್ಲಿ ಹಿರಿಯ ಶಾಖೆ ಮುಗಿಯಿತು.

ಹರಿವರ್ಮನ ವಿಷಯದಲ್ಲಿ ಒಂದು ತಾಮ್ರಪಟದ ಹತ್ತಿರ ಸ್ವಲ್ಪ ನಿಲ್ಲಬೇಕು. ಹಲಸಿ ಅಂದರೆ ಆಗಿನ ಪಲಾಶಿಕಾ, ಈಗಿನ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕು. ಅಲ್ಲಿ ಹರಿವರ್ಮ ಜೈನ ಸಂಘಕ್ಕೆ ಒಂದು ಹಳ್ಳಿ ಬಿಟ್ಟುಕೊಟ್ಟ. ಯಾರು ಕೇಳಿಕೊಂಡರು ಅಂತ ಕೊಟ್ಟ? ಸೇಂದ್ರಕ ಕುಲದ ಭಾನುಶಕ್ತಿರಾಜ ಕೇಳಿಕೊಂಡ ಅಂತ. ಸೇಂದ್ರಕರು ಕದಂಬರ ಕೈಕೆಳಗಿನ ಸಾಮಂತರು. ಈ ಹೆಸರನ್ನು ಜ್ಞಾಪಕ ಇಟ್ಟುಕೊಳ್ಳಿ, ಸೇಂದ್ರಕ. ಮತ್ತೆ ಬರುತ್ತದೆ.

ಈಗ ಬಾದಾಮಿಗೆ ಹೋಗೋಣ. ಶಕವರ್ಷ 465, ಕ್ರಿ.ಶ. 543. ಬಾದಾಮಿಯ ಬಂಡೆಯ ಮೇಲೆ ಒಂದು ಚಿಕ್ಕ ಶಾಸನ ಇದೆ. ‘ಚಲಿಕ್ಯ ವಲ್ಲಭೇಶ್ವರ’ ಅಂತ ತನ್ನನ್ನು ಕರೆದುಕೊಂಡ ರಾಜ ವಾತಾಪಿಯ ಬೆಟ್ಟವನ್ನು ಮೇಲೂ ಕೆಳಗೂ ದುರ್ಗ ಮಾಡಿದ ಅಂತ. ಇವನೇ ಮೊದಲನೇ ಪುಲಕೇಶಿ, ಇಮ್ಮಡಿ ಪುಲಕೇಶಿಯ ಅಜ್ಜ. ಅಶ್ವಮೇಧ ಮಾಡಿದವನು ಅಂತಲೂ ಅದರಲ್ಲಿದೆ. ಇಲ್ಲಿ ಗಮನಿಸಿ, ಅಶ್ವಮೇಧ ಅನ್ನುವುದು ಸುಮ್ನೆ ಒಂದು ಪೂಜೆ ಅಲ್ಲ. ನನ್ನ ತಲೆಯ ಮೇಲೆ ಇನ್ಯಾವ ಒಡೆಯನೂ ಇಲ್ಲ ಅಂತ ಊರಿಗೆಲ್ಲ ಸಾರಿದ ಹಾಗೆ ಅದು. ಮಲಪ್ರಭೆಯ ದಂಡೆಯ ಈ ಸೀಮೆ ಅಲ್ಲಿಯವರೆಗೆ ಕದಂಬರ ಉತ್ತರದ ಅಂಚು, ಚಾಲುಕ್ಯರು ಕದಂಬರಿಗೇ ಸಾಮಂತರಾಗಿದ್ದರು ಅಂತ ಬಹಳ ಜನ ಚರಿತ್ರೆಕಾರರು ಹೇಳುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ. ಬನವಾಸಿಯಲ್ಲಿ ದಾಯಾದಿಗಳು ಪಟ್ಟಕ್ಕಾಗಿ ಬಡಿದಾಡಿ ಇನ್ನೂ ಸುಧಾರಿಸಿಕೊಳ್ಳುತ್ತಿದ್ದಾಗ ಇವನು ಬಾದಾಮಿಯಲ್ಲಿ ಕಲ್ಲಿನ ಮೇಲೆ ಕಲ್ಲು ಇಡುತ್ತಿದ್ದ.

ಜಾಗ ಹೇಗಿದೆ ನೋಡಿ. ಬನವಾಸಿ ನದಿಯ ತಿರುವಿನಲ್ಲಿ ಕೂತ ಊರು. ಮೂರು ಕಡೆ ವರದಾ, ಸುತ್ತ ಭತ್ತದ ಗದ್ದೆ, ಹಿಂದೆ ಕಾಡು, ಘಟ್ಟ ಇಳಿದರೆ ಸಮುದ್ರ. ಅನ್ನಕ್ಕೂ ವ್ಯಾಪಾರಕ್ಕೂ ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ಬಾದಾಮಿಯಲ್ಲಿ ಇರುವುದು ಕೆಂಪು ಬಂಡೆ, ಎರಡು ಗುಡ್ಡ, ನಡುವೆ ಒಂದು ಕೆರೆ. ಉಣ್ಣುವುದಕ್ಕೆ ಬನವಾಸಿ, ಬಡಿದಾಡುವುದಕ್ಕೆ ಬಾದಾಮಿ ಅಂತ ನಾನು ಮಕ್ಕಳಿಗೆ ಹೇಳುವುದುಂಟು.

ಈ ಮೊದಲನೇ ಪುಲಕೇಶಿಯ ಮಗ ಕೀರ್ತಿವರ್ಮ 566-67ರ ಸುಮಾರಿಗೆ ಪಟ್ಟಕ್ಕೆ ಬಂದ. ಅವನು ಗೆದ್ದ ನಾಡುಗಳ ಪಟ್ಟಿ ಮಹಾಕೂಟದ ಕಂಬದಲ್ಲಿದೆ. ಆ ಕಂಬ ಈಗ ವಿಜಯಪುರದಲ್ಲಿದೆ. ವಂಗ, ಅಂಗ, ಕಳಿಂಗ, ಮಗಧ ಅಂತೆಲ್ಲ ದೊಡ್ಡ ದೊಡ್ಡ ಹೆಸರುಗಳು. ಅವನ್ನೆಲ್ಲ ಅಕ್ಷರಶಃ ನಂಬಬೇಕಾಗಿಲ್ಲ, ಹೊಗಳಿಕೆಯ ಪಟ್ಟಿ ಹಾಗೇ ಇರುತ್ತದೆ. ಆದರೆ ಪಟ್ಟಿಯ ಕೊನೆಯಲ್ಲಿ ಒಂದು ಹೆಸರಿದೆ, ವೈಜಯಂತಿ. ಅದೇ ಬನವಾಸಿ. ಮಗಧಕ್ಕೆ ಹೋಗಿದ್ದನೋ ಇಲ್ಲವೋ, ವೈಜಯಂತಿಗೆ ಅವನು ಹೋಗಿದ್ದು ಮಾತ್ರ ಖಂಡಿತ. ಬಾದಾಮಿಯ ವೈಷ್ಣವ ಗುಹೆ, ಅಂದರೆ ಮೂರನೇ ಗುಹೆ, ಶಕವರ್ಷ 500ರಲ್ಲಿ, 578ರಲ್ಲಿ ಮುಗಿದದ್ದು ಇವನ ಆಳ್ವಿಕೆಯ ಹನ್ನೆರಡನೇ ವರ್ಷದಲ್ಲಿ. ಕೆತ್ತಿಸಿದವನು ತಮ್ಮ ಮಂಗಲೇಶ. ಆ ಗುಹೆಯನ್ನು ಅಲ್ಲಿಯ ಕನ್ನಡ ಶಾಸನ ‘ಕಲ್ಮನೆ’ ಅಂತ ಕರೆಯುತ್ತದೆ. ಕಲ್ಲಿನ ಮನೆ! ಎಷ್ಟು ಚೆಂದದ ಮಾತು. ಹದಿನಾಲ್ಕು ನೂರು ವರ್ಷದ ಹಿಂದಿನ ಆ ಪದ ಇವತ್ತು ಯಾರಿಗೆ ಹೇಳಿದರೂ ಅರ್ಥ ಆಗುತ್ತದೆ. ವಿಷಯದಿಂದ ಆಚೆ ಹೋದೆ, ಆದರೆ ಆ ಪದ ನೆನಪಾದರೆ ಹೇಳದೆ ಇರಲು ಆಗುವುದಿಲ್ಲ.

ಸರಿ, ಈಗ ಸೇಂದ್ರಕರು. ಈಗಿನ ಮಹಾರಾಷ್ಟ್ರದ ಚಿಪ್ಳೂಣದಲ್ಲಿ ಇಮ್ಮಡಿ ಪುಲಕೇಶಿಯ ಕಾಲದ ಒಂದು ತಾಮ್ರಪಟ ಸಿಕ್ಕಿದೆ. ದಾನ ಕೊಟ್ಟವನು ಶ್ರೀವಲ್ಲಭ ಸೇನಾನಂದರಾಜ. ಯಾವ ಕುಲ? ಸೇಂದ್ರಕ ಕುಲ. ಪುಲಕೇಶಿಗೆ ಏನಾಗಬೇಕು? ಸೋದರಮಾವ. ಅಂದರೆ ಕೀರ್ತಿವರ್ಮನ ಹೆಂಡತಿ, ಪುಲಕೇಶಿಯ ತಾಯಿ, ಸೇಂದ್ರಕರ ಮನೆಯ ಮಗಳು!

ಎರಡು ತಾಮ್ರಪಟ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಒಬ್ಬ ಸೇಂದ್ರಕ ಹಲಸಿಯಲ್ಲಿ ಕದಂಬ ರಾಜನ ಮುಂದೆ ನಿಂತು ‘ಈ ಹಳ್ಳಿ ದಾನ ಕೊಡಿ’ ಅಂತ ಕೇಳಿಕೊಳ್ಳುತ್ತಿದ್ದಾನೆ. ಎರಡನೆಯದರಲ್ಲಿ ಅದೇ ಕುಲದವನು ಚಾಲುಕ್ಯ ಚಕ್ರವರ್ತಿಯ ಮಾವ. ನಡುವೆ ಹೋಗಿದ್ದು ಎರಡು ಮೂರು ತಲೆಮಾರು ಅಷ್ಟೆ. ನಾನು ಇವತ್ತು ಹೇಳಬೇಕು ಅಂತ ಬಂದ ಮಾತು ಇದೇ. ರವಿಕೀರ್ತಿ ಮದದಾನೆಯ ಉಪಮೆ ಕೊಟ್ಟ, ಕೇಳಲು ಚೆನ್ನಾಗಿದೆ. ಆದರೆ ರಾಜ್ಯ ಅಂದರೆ ಆಗ ಏನು? ರಾಜನ ಸ್ವಂತದ ಸೈನ್ಯ ಸ್ವಲ್ಪ, ಉಳಿದದ್ದೆಲ್ಲ ಇಂಥ ಸಾಮಂತ ಮನೆಗಳ ಬಲ. ಕಂದಾಯ ಎತ್ತುವವರು ಅವರು, ಯುದ್ಧ ಬಂದರೆ ಆಳು ತರುವವರು ಅವರು, ದಾರಿ ಕಾಯುವವರು ಅವರು. ಅವರಲ್ಲಿ ಒಂದು ದೊಡ್ಡ ಮನೆ ಬೀಗತನ ಬದಲಾಯಿಸಿದರೆ ಒಂದು ಸೀಮೆಯೇ ಆ ಕಡೆ ಸರಿದ ಹಾಗೆ. ಆನೆ ಬರುವ ಮೊದಲೇ ಮರದ ಬೇರಿನ ಮಣ್ಣು ಸಡಿಲವಾಗಿತ್ತು. ಮದುವೆಯ ಚಪ್ಪರದಲ್ಲಿ ಆದದ್ದನ್ನು ರಾಜರ ಹೊಗಳಿಕೆಯ ಪ್ರಶಸ್ತಿ ಬರೆಯುವ ಕವಿಗಳು ಹಾಡುವುದಿಲ್ಲ, ಹಾಗಾಗಿ ನಮ್ಮ ಪಾಠದಲ್ಲೂ ಅದು ಬರುವುದಿಲ್ಲ.

ಆ ಹುಡುಗನ ಪ್ರಶ್ನೆಗೆ ಈಗ ಬರುತ್ತೇನೆ. ಅಪ್ಪ ಕಿತ್ತು ಒಗೆದ ಮೇಲೂ ಮಗ ಯಾಕೆ ಹೋದ?

ಕೀರ್ತಿವರ್ಮ ತೀರಿಕೊಂಡಾಗ ಮಗ ಚಿಕ್ಕವನು. ಚಿಕ್ಕಪ್ಪ ಮಂಗಲೇಶ ರಾಜ್ಯ ನಡೆಸಿದ. ಹುಡುಗ ದೊಡ್ಡವನಾದ ಮೇಲೆ ಪಟ್ಟ ಬಿಟ್ಟುಕೊಡಲಿಲ್ಲ, ತನ್ನ ಮಗನಿಗೇ ಕೊಡಲು ನೋಡಿದ. ಕಾಳಗ ಆಯಿತು, ಮಂಗಲೇಶ ಸತ್ತ, 610ರ ಸುಮಾರಿಗೆ ಇಮ್ಮಡಿ ಪುಲಕೇಶಿ ಪಟ್ಟಕ್ಕೆ ಬಂದ. ಆಗ ‘ಶತ್ರುಗಳೆಂಬ ಕತ್ತಲು ಲೋಕವನ್ನೆಲ್ಲ ಮುಚ್ಚಿತ್ತು’ ಅಂತ ರವಿಕೀರ್ತಿಯೇ ಬರೆದಿದ್ದಾನೆ. ಕದಂಬರನ್ನು ಕೆಡವಿದ್ದು ದಾಯಾದಿ ಜಗಳ ಅಂದೆ, ಅದೇ ರೋಗ ಈಗ ಬಾದಾಮಿಗೂ ತಗುಲಿತ್ತು. ಗೆದ್ದ ನಾಡುಗಳು ಒಂದೊಂದಾಗಿ ಕೈ ಕೊಡವಿಕೊಂಡವು. ಬನವಾಸಿಯೂ ಕೊಡವಿಕೊಂಡಿತು. ಇಮ್ಮಡಿ ಕೃಷ್ಣವರ್ಮನ ಮಗ ಅಜವರ್ಮ ಚಾಲುಕ್ಯರಿಗೆ ತಗ್ಗಿ ನಡೆದಿದ್ದ. ಅವನ ಮಗ ಭೋಗಿವರ್ಮ ತನ್ನ ತೋಳ್ಬಲದಿಂದ ವಿಶಾಲ ರಾಜ್ಯ ಗಳಿಸಿದ ಅಂತ ತಗರೆಯ ತಾಮ್ರಪಟ ಹೇಳುತ್ತದೆ. ಕಳೆದುಹೋದದ್ದನ್ನು ತಾನೇ ಮತ್ತೆ ಗಳಿಸುವುದು? ಕಿತ್ತ ಬುಡದಲ್ಲಿ ಒಂದು ಚಿಗುರು ಇತ್ತು. ಆ ಚಿಗುರಿಗೇ ಪುಲಕೇಶಿ ಮುತ್ತಿಗೆ ಹಾಕಿದ್ದು.

ಈ ಮುತ್ತಿಗೆಯ ಪದ್ಯದಲ್ಲಿ ನನ್ನನ್ನು ಕಾಡುವ ಒಂದು ವಿಷಯ ಇದೆ. ಎದುರಾಳಿ ರಾಜನ ಹೆಸರೇ ಇಲ್ಲ ಅದರಲ್ಲಿ. ಅಪ್ಪನ ಪದ್ಯದಲ್ಲಿ ಕದಂಬ ಅನ್ನುವ ಶಬ್ದ ಮೂರು ಸಲ ಮೊಳಗಿತ್ತು. ಮಗನ ಪದ್ಯಕ್ಕೆ ಬರುವಷ್ಟರಲ್ಲಿ ಊರು ಇದೆ, ನದಿ ಇದೆ, ಹಂಸಗಳಿವೆ, ಕೋಟೆ ಇದೆ. ಕದಂಬ ಇಲ್ಲ. ಬನವಾಸಿ ಬಿದ್ದ ಕೂಡಲೇ ಗಂಗರು, ಆಳುಪರು ಪುಲಕೇಶಿಯ ಹತ್ತಿರ ಬಂದು ಸೇವೆಯೆಂಬ ಅಮೃತ ಕುಡಿದರು ಅಂತ ಮುಂದಿನ ಪದ್ಯ. ಬನವಾಸಿಯ ಗತಿ ನೋಡಿ ಅಕ್ಕಪಕ್ಕದವರು ಲೆಕ್ಕ ಹಾಕಿದರು, ಅಷ್ಟೆ. 543ರ ಕೋಟೆಯಿಂದ ಹಿಡಿದರೆ ಇಲ್ಲಿಗೆ ಸುಮಾರು ಎಪ್ಪತ್ತು ವರ್ಷ.

ಮುಂದೆ 707ರಲ್ಲಿ ಏನಾಗಿತ್ತು ಅಂತ ಶಿಗ್ಗಾವಿಯ ತಾಮ್ರಪಟ ತೋರಿಸುತ್ತದೆ. ಚಾಲುಕ್ಯ ವಿಜಯಾದಿತ್ಯ ಆಳುಪ ರಾಜ ಚಿತ್ರವಾಹನನನ್ನು ನೋಡಲು ಬನವಾಸಿಗೆ ಹೋದ ಅಂತ. ಆಳುಪ ಕರಾವಳಿಯವನು. ಅವನ ಹೆಂಡತಿ ಕುಂಕುಮದೇವಿ ವಿಜಯಾದಿತ್ಯನ ತಂಗಿ. ಮತ್ತೆ ಬೀಗತನ ನೋಡಿ! ಕದಂಬರ ರಾಜಧಾನಿಯಲ್ಲಿ ಕೂತವನು ಆಳುಪ, ಅವನನ್ನು ನೋಡಲು ಬಂದ ಭಾವಮೈದ ಚಾಲುಕ್ಯ.

ಹಾಗಾದರೆ ಕದಂಬರದ್ದು ಏನೂ ಉಳಿಯಲಿಲ್ವಾ? ಉಳಿಯಿತು, ಅದೂ ನುಂಗಿದವರ ಬಾಯಲ್ಲೇ. ಚಾಲುಕ್ಯರ ಯಾವ ತಾಮ್ರಪಟ ತೆಗೆದರೂ ಶುರುವಿನಲ್ಲಿ ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ: ಮಾನವ್ಯ ಗೋತ್ರದವರು, ಹಾರೀತಿಯ ಮಕ್ಕಳು, ಸಪ್ತಮಾತೃಕೆಯರು ಸಾಕಿದವರು, ಕಾರ್ತಿಕೇಯ ಕಾಪಾಡಿದವರು. ಈಗ ಕದಂಬರ ತಾಮ್ರಪಟ ತೆಗೆಯಿರಿ: ಮಹಾಸೇನ ಮತ್ತು ಮಾತೃಗಣದ ಕೃಪೆ ಪಡೆದವರು, ಮಾನವ್ಯ ಗೋತ್ರದವರು, ಹಾರೀತಿಯ ಮಕ್ಕಳು. ಮಹಾಸೇನ ಅಂದರೂ ಕಾರ್ತಿಕೇಯನೇ. ಮನೆ ಹಿಡಿದವರು ಬಾಗಿಲ ಮೇಲಿನ ಹೆಸರಿನ ಹಲಗೆಯನ್ನೂ ಹಾಗೇ ಇಟ್ಟುಕೊಂಡರು. ಯಾಕೆ ಅಂದರೆ ಈ ನೆಲದಲ್ಲಿ ರಾಜ ಅನ್ನಿಸಿಕೊಳ್ಳಬೇಕಾದರೆ ಆ ಮಾತು ಬೇಕಿತ್ತು, ಜನರ ಕಿವಿಗೆ ಅದೇ ಅಭ್ಯಾಸವಾಗಿತ್ತು ಅಂತ ನನ್ನ ನಂಬಿಕೆ.

ಅದು ಕದಂಬರದ್ದೂ ಸ್ವಂತದ್ದಲ್ಲ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಗೆ ಹೋಗಿ, ತಾಳಗುಂದ ನೋಡಲು ಹೋದವರು ಅಲ್ಲಿಗೂ ಹೋಗಬಹುದು. ಅಲ್ಲಿ ಒಂದು ಕಲ್ಲಿನ ಕಂಬ. ಭಾಷೆ ಪ್ರಾಕೃತ. ಮೊದಲ ಶಾಸನ ಚುಟು ವಂಶದ ವಿಷ್ಣುಕಡ್ಡ ಚುಟುಕುಲಾನಂದ ಸಾತಕರ್ಣಿಯದು, ವೈಜಯಂತಿಯ ರಾಜ, ಮಾನವ್ಯ ಗೋತ್ರ, ಹಾರೀತಿಪುತ್ರ. ಮಳಪಳಿದೇವರಿಗೆ ಭೂಮಿ ಬಿಟ್ಟ ಅಂತ. ಅದೇ ಕಂಬದ ಮೇಲೆ ಇನ್ನೊಂದು ಶಾಸನ: ಮೊದಲಿನವರು ಕೊಟ್ಟ ದಾನ ಬಿಟ್ಟುಹೋಗಿತ್ತು, ಕದಂಬ ರಾಜ ಅದನ್ನು ಮತ್ತೆ ಕೊಟ್ಟ. ಹೊಸ ಕಲ್ಲು ನೆಡಿಸಲಿಲ್ಲ ಅವನು. ಹಳೆಯ ರಾಜನ ಮಾತಿನ ಪಕ್ಕದಲ್ಲೇ ತನ್ನ ಮಾತು ಕೆತ್ತಿಸಿದ. ಆ ಕಂಬದ ಮುಂದೆ ನಿಂತಾಗ ನನಗೆ ಮೈ ಜುಮ್ಮೆಂದಿತ್ತು. ಚುಟುಗಳಿಂದ ಕದಂಬರಿಗೆ, ಕದಂಬರಿಂದ ಚಾಲುಕ್ಯರಿಗೆ ಒಂದೇ ಪರಿಚಯದ ಮಾತು ಕೈಯಿಂದ ಕೈಗೆ ಬಂದಿದೆ.

ಕೊನೆಯದಾಗಿ, ಆ ‘ಅಶೇಷತಃ’ ಅನ್ನುವ ಪದಕ್ಕೆ ಇನ್ನೊಂದು ಉತ್ತರ ಇದೆ. ಪುಲಕೇಶಿಯ ಮುತ್ತಿಗೆ ಆಗಿ ಮುನ್ನೂರೈವತ್ತು ವರ್ಷ ಕಳೆದಿತ್ತು. ಬಾದಾಮಿಯ ಚಾಲುಕ್ಯರು ಹೋದರು, ರಾಷ್ಟ್ರಕೂಟರು ಬಂದು ಹೋದರು, 973ರಲ್ಲಿ ತೈಲಪ ಮತ್ತೆ ಚಾಲುಕ್ಯ ಹೆಸರಿನಲ್ಲಿ ರಾಜ್ಯ ಕಟ್ಟಿದ. ಅದೇ ಹೊತ್ತಿಗೆ ಹಾನಗಲ್ಲಿನಲ್ಲಿ, ಗೋವೆಯಲ್ಲಿ ಕದಂಬರು ಅನ್ನಿಸಿಕೊಂಡ ಮನೆತನಗಳು ತಲೆ ಎತ್ತಿದವು, ಈ ಹೊಸ ಚಾಲುಕ್ಯರ ಸಾಮಂತರಾಗಿ. ಮಯೂರವರ್ಮನೇ ನಮ್ಮ ಮೂಲಪುರುಷ ಅಂದರು ಅವರು. ಹಾನಗಲ್ ಸೀಮೆಯ ಕಲ್ಲುಗಳಲ್ಲಿ ಅವರ ಬಿರುದು ಈಗಲೂ ಓದಬಹುದು. ಜಯಂತಿ ಮಧುಕೇಶ್ವರನ ವರಪ್ರಸಾದ ಪಡೆದವರು, ‘ಬನವಾಸಿಪುರವರಾಧೀಶ್ವರ’.